ಫ್ರಾಕು ತೊಟ್ಟ ಹುಡುಗ, ಚಡ್ಡಿ ತೊಟ್ಟ ಹುಡುಗಿ

ಕರ್ನಾಟಕದ ಚಿತ್ರ ಸಮಾಜಗಳು, ಶಾಲೆಗಳ ಸಿನಿಮಾ ಕೂಟಗಳು ಮತ್ತು ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗಾಗಿ ಚಿತ್ರ ಆರಿಸುವ ಎಲ್ಲ ಸಂಘಟಕರಿಗೆ,

ಹುಡುಗರ ಬಟ್ಟೆ, ಹುಡುಗಿಯರ ಬಟ್ಟೆ ಎಂಬ ಗೆರೆ ದಾಟಿದ ಮಗುವಿನ ಕಥೆಯನ್ನು ಆ ಮಗುವಿನ ಎತ್ತರಕ್ಕೇ ಕ್ಯಾಮೆರಾ ಇಳಿಸಿ ಹೇಳಿದ ಚಿತ್ರಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಎರಡು ಫ್ರೆಂಚ್ ಭಾಷೆಯವು. ಒಂದು, ಬೆಲ್ಜಿಯಂನ ಅಲಾಂ ಬರ್ಲಿನೇರ್ 1997ರಲ್ಲಿ ಮಾಡಿದ ‘ಮಾ ವೀ ಆನ್ ರೋಜ್’. ಇನ್ನೊಂದು, ಫ್ರಾನ್ಸಿನ ಸೆಲೀನ್ ಸಿಯಾಮಾ 2011ರಲ್ಲಿ ಮಾಡಿದ ‘ಟಾಮ್‌ಬಾಯ್’. ಮೊದಲನೆಯದರಲ್ಲಿ ಏಳು ವರ್ಷದ ಹುಡುಗನೊಬ್ಬ ಫ್ರಾಕು ತೊಡುತ್ತಾನೆ. ಎರಡನೆಯದರಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಚಡ್ಡಿ, ಟೀ ಶರ್ಟು ತೊಟ್ಟು ಒಂದು ಬೇಸಿಗೆ ರಜೆಯನ್ನು ಹುಡುಗನಾಗಿ ಕಳೆಯುತ್ತಾಳೆ. ಎರಡರಲ್ಲೂ ಕೊಲೆಯಿಲ್ಲ, ರಕ್ತಪಾತವಿಲ್ಲ. ಆದರೂ ಮೊದಲನೆಯದಕ್ಕೆ ಅಮೆರಿಕದಲ್ಲಿ ಸಿಕ್ಕಿದ್ದು ‘ಆರ್’ ದರ್ಜೆ. ಅಂದರೆ ಹದಿನೇಳು ತುಂಬದವರು ದೊಡ್ಡವರ ಜೊತೆಯಿಲ್ಲದೆ ಒಳಗೆ ಹೋಗುವಂತಿಲ್ಲ. ಅದೇ ಚಿತ್ರ ಬ್ರಿಟನ್ನಿನಲ್ಲಿ ಹನ್ನೆರಡು ವರ್ಷದವರಿಗೆ ಸಲ್ಲುತ್ತದೆ ಎನಿಸಿಕೊಂಡಿತು. ಇನ್ನು ‘ಟಾಮ್‌ಬಾಯ್’ಗೆ ಬ್ರಿಟನ್ ಕೊಟ್ಟದ್ದು ‘ಯು’, ಎಲ್ಲರೂ ನೋಡಬಹುದು ಎಂಬ ದರ್ಜೆ. ‘ಮಾ ವೀ ಆನ್ ರೋಜ್’ನಲ್ಲಿ ಕೆಲವು ಬಿರುಸಾದ ಬೈಗುಳಗಳಿವೆ, ನಿಜ. ಆದರೆ ಆ ಬೈಗುಳಗಳು ಯಾರ ಬಾಯಿಂದ ಬಂದವು ಎಂಬುದನ್ನು ದರ್ಜೆಯ ಚೀಟಿ ಹೇಳುವುದಿಲ್ಲ. ಮಕ್ಕಳಿಗೆ ಇವನ್ನು ತೋರಿಸಬಹುದೇ ಎಂಬ ಪ್ರಶ್ನೆಗೆ ಚೀಟಿಗಿಂತ ಚಿತ್ರವೇ ಒಳ್ಳೆಯ ಉತ್ತರ ಕೊಡುತ್ತದೆ.

‘ಮಾ ವೀ ಆನ್ ರೋಜ್’ ಶುರುವಾಗುವುದು ಒಂದು ಔತಣದಿಂದ. ಫಾಬ್ರ್ ಕುಟುಂಬ ಅಚ್ಚುಕಟ್ಟಾದ ಹೊಸ ಬಡಾವಣೆಗೆ ಬಂದಿದೆ. ಮನೆಗಳು ಒಂದರಂತೆ ಇನ್ನೊಂದು, ಹುಲ್ಲು ಒಂದೇ ಅಳತೆಗೆ ಕತ್ತರಿಸಿದ್ದು. ಅಪ್ಪ ಪಿಯೆರ್ ತೋಟದಲ್ಲಿ ನೆರೆಹೊರೆಯವರನ್ನು ಸೇರಿಸಿ ಹೆಂಡತಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರಿಚಯಿಸುತ್ತಿದ್ದಾನೆ. ಅಷ್ಟರಲ್ಲಿ ಬಾಗಿಲಿನಿಂದ ಗುಲಾಬಿ ಬಣ್ಣದ ರಾಜಕುಮಾರಿ ಫ್ರಾಕು, ತುಟಿಗೆ ಬಣ್ಣ, ಅಮ್ಮನ ಓಲೆ ಧರಿಸಿದ ಮಗುವೊಂದು ಹೊರಬರುತ್ತದೆ. ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಎಂಥ ಚೆಂದದ ಮಗಳು ಎಂದುಕೊಳ್ಳುತ್ತಾರೆ. ನಿಜವಾದ ಮಗಳು ಜೊಯೆ ಹಿಂದಿನಿಂದ ಬಂದಾಗಲೇ ಮೊದಲು ಬಂದದ್ದು ಕಿರಿಮಗ ಲುಡೋವಿಕ್ ಎಂದು ತಿಳಿಯುವುದು. ಅಪ್ಪ ನಕ್ಕು ತಮಾಷೆಯಲ್ಲಿ ತೇಲಿಸುತ್ತಾನೆ. ಅಮ್ಮ ಹಾನಾ ಮಗನನ್ನು ಒಳಗೆ ಕರೆದೊಯ್ದು ಮುಖ ತೊಳೆಸುತ್ತಾಳೆ. ಲುಡೋಗೆ ಮಾತ್ರ ತಾನು ಮಾಡಿದ್ದರಲ್ಲಿ ಏನು ತಪ್ಪೆಂದೇ ಹೊಳೆಯುವುದಿಲ್ಲ. ಹೊಸ ಊರು, ಹೊಸ ಜನ, ಅದಕ್ಕೆ ಚೆಂದ ಮಾಡಿಕೊಂಡು ಬಂದಿದ್ದಾನೆ, ಅಷ್ಟೆ. ಮುಂದಿನ ಕಥೆಯೆಲ್ಲ ಈ ದೃಶ್ಯದಲ್ಲೇ ಅಡಗಿದೆ: ತಿಳಿಯುವ ಮೊದಲಿನ ಚಪ್ಪಾಳೆ, ತಿಳಿದ ಮೇಲಿನ ಮೌನ. ನಡುವೆ ಬದಲಾದದ್ದು ಫ್ರಾಕಲ್ಲ, ಅದರೊಳಗಿನ ಮಗುವೂ ಅಲ್ಲ.

ಚಿತ್ರದ ಚೂಪು ಇರುವುದು ಅದು ಮನಶ್ಶಾಸ್ತ್ರಕ್ಕಿಂತ ಸಂಬಳದ ಬಗ್ಗೆ ಹೆಚ್ಚು ಹೇಳುವುದರಲ್ಲಿ. ಪಕ್ಕದ ಮನೆಯ ಆಲ್ಬರ್ ಪಿಯೆರನ ಮೇಲಧಿಕಾರಿ. ಅವನ ಮಗ ಜೆರೋಮ್ ಲುಡೋನ ಸಹಪಾಠಿ. ತಾನು ದೊಡ್ಡವನಾಗಿ ಹುಡುಗಿಯಾದ ಮೇಲೆ ಜೆರೋಮನನ್ನೇ ಮದುವೆಯಾಗುವುದೆಂದು ಲುಡೋ ಮುಚ್ಚುಮರೆಯಿಲ್ಲದೆ ಹೇಳಿಕೊಂಡು ತಿರುಗುತ್ತಾನೆ. ಆಲ್ಬರನ ಮನೆಯಲ್ಲಿ ಸತ್ತುಹೋದ ಮಗಳ ಕೋಣೆಯನ್ನು ಹಾಗೇ ಕಾಪಾಡಿಕೊಂಡು ಬಂದಿದ್ದಾರೆ. ಆ ಹುಡುಗಿಯ ಫ್ರಾಕು ತೊಟ್ಟು ಲುಡೋ ಗೊಂಬೆ ಕರಡಿಯ ಮುಂದೆ ಮದುವೆಯಾಟ ಆಡುತ್ತಿರುವುದನ್ನು ಕಂಡ ಜೆರೋಮನ ತಾಯಿ ಅಲ್ಲೇ ಕುಸಿಯುತ್ತಾಳೆ. ಶಾಲೆಯ ‘ಸ್ನೋ ವೈಟ್’ ನಾಟಕದಲ್ಲಿ ನಾಯಕಿಯಾಗಬೇಕಿದ್ದ ಹುಡುಗಿಯನ್ನು ಒಳಗೆ ಕೂಡಿಹಾಕಿ ಲುಡೋ ತಾನೇ ಆ ಪಾತ್ರದಲ್ಲಿ ಮಲಗಿಬಿಡುತ್ತಾನೆ. ಪೋಷಕರು ಸಹಿ ಸಂಗ್ರಹಿಸುತ್ತಾರೆ, ಹುಡುಗ ಶಾಲೆ ಬಿಡಬೇಕಾಗುತ್ತದೆ, ಅಪ್ಪನ ಕೆಲಸ ಹೋಗುತ್ತದೆ, ಮನೆಯ ಗೋಡೆಯ ಮೇಲೆ ಹೊಲಸು ಬರಹ ಬೀಳುತ್ತದೆ. ಅಷ್ಟು ಹೊತ್ತಿಗೆ ಮೊದಲು ಮಗನ ಪರವಾಗಿ ನಿಂತಿದ್ದ ಅಮ್ಮನೇ ಅವನನ್ನು ದೂರುವ ಸ್ಥಿತಿಗೆ ಬಂದಿರುತ್ತಾಳೆ. ಮಗುವಿನ ಬಟ್ಟೆಯನ್ನು ಕಾಯುವವರು ಧರ್ಮಗುರುಗಳೂ ಅಲ್ಲ, ಪೊಲೀಸರೂ ಅಲ್ಲ. ಸಾಲ ಮಾಡಿ ಕೊಂಡ ಮನೆ, ಬಾಸಿನ ಮುಖ, ಶಾಲೆಯ ಗೇಟಿನ ಬಳಿಯ ಪಿಸುಮಾತು. ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕುಟುಂಬ ಚಿತ್ರ ಬೇರೆ ನೆನಪಾಗುವುದಿಲ್ಲ.

ಮಕ್ಕಳಿಗೆ ಈ ಚಿತ್ರ ಹತ್ತಿರವಾಗುವುದು ಬೇರೆ ದಾರಿಯಿಂದ. ಹುಡುಗರಿಗೆ ಎಕ್ಸ್ ವೈ, ಹುಡುಗಿಯರಿಗೆ ಎಕ್ಸ್ ಎಕ್ಸ್ ಎಂದು ಅಕ್ಕ ಜೊಯೆ ತನ್ನ ಪಾಠ ಒಪ್ಪಿಸಿದಾಗ ಲುಡೋ ತನ್ನದೇ ವಿವರಣೆ ಕಟ್ಟಿಕೊಳ್ಳುತ್ತಾನೆ: ದೇವರು ಮೇಲಿನಿಂದ ತನ್ನ ಅಕ್ಷರಗಳನ್ನು ಮನೆಯ ಹೊಗೆಗೂಡಿನೊಳಕ್ಕೆ ಎಸೆದನಂತೆ, ಒಂದು ಎಕ್ಸ್ ದಾರಿ ತಪ್ಪಿ ಕಸದ ಡಬ್ಬಿಗೆ ಬಿತ್ತಂತೆ. ಟಿವಿಯಲ್ಲಿ ಬರುವ ಪಾಮ್ ಎಂಬ ಗೊಂಬೆ ಹುಡುಗಿಯ ಲೋಕಕ್ಕೆ ಅವನು ಮನಸ್ಸು ಬಂದಾಗಲೆಲ್ಲ ಹಾರಿಹೋಗುತ್ತಾನೆ. ಛಾಯಾಗ್ರಾಹಕ ಈವ್ ಕಾಪ್ ಮೊದಲರ್ಧವನ್ನು ಮಿಠಾಯಿ ಅಂಗಡಿಯ ಬಣ್ಣಗಳಲ್ಲಿ ತುಂಬಿ, ಕುಟುಂಬ ಕ್ಲೆರ್ಮೋಂ ಫೆರಾಂ ಪಟ್ಟಣಕ್ಕೆ ಎತ್ತಂಗಡಿಯಾದ ಮೇಲೆ ನೀಲಿ ಬೂದು ಬೆಳಕಿಗೆ ಇಳಿಸಿದ್ದಾರೆ. ನಡುವೆ ಅಮ್ಮ ಮಗನ ಕೂದಲನ್ನು ಮಿಷನ್ನಿನಿಂದ ಬೋಳಿಸುವ ದೃಶ್ಯವಿದೆ. ಯಾರೂ ಹೊಡೆಯುವುದಿಲ್ಲ, ಕಿರುಚುವುದಿಲ್ಲ. ಜುಟ್ಟು ಜುಟ್ಟಾಗಿ ಕೂದಲು ನೆಲಕ್ಕೆ ಬೀಳುತ್ತದೆ, ಹುಡುಗನ ಕಣ್ಣಲ್ಲಿ ನೀರು. ಲುಡೋ ಪಾತ್ರದ ಜಾರ್ಜ್ ದು ಫ್ರೇನ್ ಅಲ್ಲಿ ಏನೂ ಅಭಿನಯಿಸದೆ ಕುಳಿತಿದ್ದಾನೆ ಅನ್ನಿಸುತ್ತದೆ; ಬಾಲನಟನೊಬ್ಬ ಹಾಗೆ ಕುಳಿತುಕೊಳ್ಳುವುದು ಸುಲಭದ ಮಾತಲ್ಲ. 1998ರಲ್ಲಿ ಚಿತ್ರಕ್ಕೆ ಅತ್ಯುತ್ತಮ ವಿದೇಶಿ ಭಾಷಾ ಚಿತ್ರವೆಂದು ಗೋಲ್ಡನ್ ಗ್ಲೋಬ್ ಬಂತು. ಕೊನೆ ಮಾತ್ರ ಸ್ವಲ್ಪ ಸಲೀಸಾಯಿತು. ಹೊಸ ಊರಿನಲ್ಲಿ ಹುಡುಗನಂತಿರುವ ಹುಡುಗಿಯೊಬ್ಬಳು ಹುಟ್ಟುಹಬ್ಬದ ದಿನ ತನ್ನ ರಾಜಕುಮಾರಿ ವೇಷವನ್ನು ಲುಡೋಗೆ ತೊಡಿಸಿ ಅವನ ಯೋಧನ ವೇಷವನ್ನು ತಾನು ಕಿತ್ತುಕೊಳ್ಳುತ್ತಾಳೆ. ಹಾನಾ ಕೋಪದಲ್ಲಿ ಮಗನಿಗೆ ಹೊಡೆದು, ಆಮೇಲೆ ಕನಸಿನಂಥ ಒಂದು ದೃಶ್ಯದಲ್ಲಿ ಅವನ ಹಿಂದೆ ಓಡಿ, ತಿಳಿವು ಪಡೆಯುತ್ತಾಳೆ. ವರ್ಷಗಟ್ಟಲೆ ಹಿಡಿಯುವ ಬದಲಾವಣೆ ಹತ್ತು ನಿಮಿಷದಲ್ಲಿ ಮುಗಿದುಬಿಡುತ್ತದೆ.

‘ಟಾಮ್‌ಬಾಯ್’ ಇದಕ್ಕೆ ತದ್ವಿರುದ್ಧ ಜಾತಿಯ ಚಿತ್ರ. ಅಲ್ಲಿ ಮಾಯಾಲೋಕವಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲವೆನ್ನುವಷ್ಟು ಕಡಿಮೆ. ಸಿಯಾಮಾ ಇದನ್ನು ಬೇಸಿಗೆಯ ಸುಮಾರು ಮೂರು ವಾರಗಳಲ್ಲಿ, ಸಣ್ಣ ತಂಡದೊಂದಿಗೆ, ಫೋಟೋ ತೆಗೆಯುವ ಕ್ಯಾನನ್ ಕ್ಯಾಮೆರಾದಲ್ಲಿ ಚಿತ್ರಿಸಿದರು. ಉದ್ದ 82 ನಿಮಿಷ. ನಾಯಕಿ ಜೊಯೆ ಎರಾನ್. ತೆರೆಯ ಮೇಲೆ ಅವಳ ಜೊತೆ ಫುಟ್‌ಬಾಲ್ ಆಡುವ ಹುಡುಗರು ನಿಜಜೀವನದಲ್ಲೂ ಅವಳ ಗೆಳೆಯರೇ. ಮಕ್ಕಳು ಆಡುವಾಗ ಕ್ಯಾಮೆರಾ ಇದೆ ಎಂಬುದನ್ನೇ ಮರೆತಂತೆ ಕಾಣುವುದಕ್ಕೆ ಅರ್ಧ ಕಾರಣ ಅದು.

ಕಥೆ ಇಷ್ಟು. ಲೋರ್ ಎಂಬ ಹತ್ತು ವರ್ಷದ ಹುಡುಗಿ ಅಪ್ಪ, ಬಸುರಿ ಅಮ್ಮ, ಆರು ವರ್ಷದ ತಂಗಿ ಝಾನ್ ಜೊತೆ ಹೊಸ ಮನೆಗೆ ಬರುತ್ತಾಳೆ. ಕೂದಲು ಗಿಡ್ಡ, ತೊಡುವುದು ಚಡ್ಡಿ. ಕೆಳಗೆ ಸಿಕ್ಕ ಲೀಸಾ ಎಂಬ ಹುಡುಗಿ ಅವಳನ್ನು ಹುಡುಗನೆಂದೇ ಭಾವಿಸಿ ಹೆಸರು ಕೇಳುತ್ತಾಳೆ. ಲೋರ್ ಒಂದು ಕ್ಷಣ ತಡೆದು ‘ಮಿಕಾಯೆಲ್’ ಎನ್ನುತ್ತಾಳೆ. ಅಷ್ಟೇ, ಅಲ್ಲಿಂದ ರಜೆಯೆಲ್ಲ ಮಿಕಾಯೆಲ್. ಮೊದಲ ದಿನ ಬದಿಯಲ್ಲಿ ನಿಂತು ಹುಡುಗರ ಆಟ ನೋಡುತ್ತಾಳೆ. ಅವರು ಹೇಗೆ ಉಗುಳುತ್ತಾರೆ, ಗೋಲು ಹೊಡೆದಾಗ ಹೇಗೆ ಅಂಗಿ ಕಳಚುತ್ತಾರೆ ಎಂಬುದನ್ನು ಗಮನಿಸಿ ಮನೆಯ ಕನ್ನಡಿ ಮುಂದೆ ಅಭ್ಯಾಸ ಮಾಡಿ, ಮರುದಿನ ಅಂಗಿ ಕಳಚಿ ಮೈದಾನಕ್ಕಿಳಿಯುತ್ತಾಳೆ. ಈಜಲು ಹೋಗುವುದೆಂದು ನಿಶ್ಚಯವಾದಾಗ ತನ್ನ ಈಜುಡುಗೆಯ ಮೇಲರ್ಧವನ್ನು ಕತ್ತರಿಯಿಂದ ಕತ್ತರಿಸಿ ಚಡ್ಡಿ ಮಾಡಿಕೊಳ್ಳುತ್ತಾಳೆ. ತಂಗಿಯ ಆಟದ ಜೇಡಿಯನ್ನು ಹೊಸೆದು ಒಳಗಿಟ್ಟು ಕನ್ನಡಿಯಲ್ಲಿ ಅತ್ತಿತ್ತ ತಿರುಗಿ ನೋಡಿಕೊಳ್ಳುತ್ತಾಳೆ. ಸಂಜೆ ಆ ಜೇಡಿಯ ತುಂಡನ್ನು ತನ್ನ ಹಾಲುಹಲ್ಲು ಕೂಡಿಟ್ಟ ಪುಟ್ಟ ಡಬ್ಬಿಯಲ್ಲೇ ಇಡುತ್ತಾಳೆ. ದೊಡ್ಡವರ ಕಣ್ಣಿಗೆ ಮುಜುಗರವೆನಿಸುವ ವಿಷಯವನ್ನು ಹಾಲುಹಲ್ಲಿನ ಪಕ್ಕದಲ್ಲಿಟ್ಟು ನಿರ್ದೇಶಕಿ ಅದರ ವಯಸ್ಸನ್ನು ನೆನಪಿಸುತ್ತಾರೆ. ಇಡೀ ಚಿತ್ರದ ನಡೆ ಹೀಗೆಯೇ.

ತಂಗಿ ಝಾನ್ ಪಾತ್ರ ಈ ಚಿತ್ರದ ಭಾಗ್ಯ. ಗುಲಾಬಿ ಬಟ್ಟೆ, ಗುಂಗುರು ಕೂದಲು, ಬ್ಯಾಲೆ ಲಂಗ: ಹುಡುಗಿಯರ ಲೋಕದ ಎಲ್ಲ ಸರಂಜಾಮೂ ಅವಳಲ್ಲಿದೆ, ಅದರಲ್ಲಿ ಅವಳು ಹಾಯಾಗಿದ್ದಾಳೆ. ಲೀಸಾ ಒಂದು ದಿನ ಬಾಗಿಲು ತಟ್ಟಿ ಮಿಕಾಯೆಲ್ ಇದ್ದಾನೆಯೇ ಎಂದು ಕೇಳಿದಾಗ ಗುಟ್ಟು ತಂಗಿಗೆ ಗೊತ್ತಾಗುತ್ತದೆ. ಆರು ವರ್ಷದವಳು ಆಟಕ್ಕೆ ಸೇರಿಕೊಳ್ಳುತ್ತಾಳೆ. ಆಮೇಲೆ ತನಗೊಬ್ಬ ಅಣ್ಣನಿದ್ದಾನೆಂದು ಬೇರೆ ಮಕ್ಕಳ ಮುಂದೆ ಜಂಬ ಕೊಚ್ಚುತ್ತಾಳೆ. ಅಕ್ಕನ ಕೂದಲನ್ನು ತಾನೇ ಕತ್ತರಿಸಿ, ಬಿದ್ದ ಕೂದಲಿನಿಂದ ಮೀಸೆ ಮಾಡಿ ಇಬ್ಬರೂ ಬಿದ್ದು ಬಿದ್ದು ನಗುವ ದೃಶ್ಯವನ್ನು ‘ಮಾ ವೀ ಆನ್ ರೋಜ್’ನ ಕೂದಲು ಬೋಳಿಸುವ ದೃಶ್ಯದ ಪಕ್ಕದಲ್ಲಿಟ್ಟು ನೋಡಬೇಕು. ಕೆಲಸ ಒಂದೇ. ಕತ್ತರಿ ಯಾರ ಕೈಯಲ್ಲಿದೆ ಎಂಬುದಷ್ಟೇ ವ್ಯತ್ಯಾಸ.

ತಂಗಿಯನ್ನು ತಳ್ಳಿದ ಹುಡುಗನೊಡನೆ ಮಿಕಾಯೆಲ್ ಜಗಳವಾಡಿದ ಮೇಲೆ ಆ ಹುಡುಗನ ತಾಯಿ ದೂರು ತರುತ್ತಾಳೆ, ಗುಟ್ಟು ಒಡೆಯುತ್ತದೆ. ಮರುದಿನ ಅಮ್ಮ ಮಗಳಿಗೆ ನೀಲಿ ಫ್ರಾಕೊಂದನ್ನು ಬಲವಂತವಾಗಿ ತೊಡಿಸಿ ಆ ಹುಡುಗನ ಮನೆಗೂ ಲೀಸಾಳ ಮನೆಗೂ ಕರೆದೊಯ್ದು ಸತ್ಯ ಹೇಳಿಸುತ್ತಾಳೆ. ಈ ಅಮ್ಮ ಕ್ರೂರಿಯಲ್ಲ. ನೀನು ಹುಡುಗರ ಹಾಗೆ ಆಡುವುದು ನನಗೆ ಬೇಸರದ ಸಂಗತಿಯಲ್ಲ, ಆದರೆ ಶಾಲೆ ತೆರೆಯುವ ದಿನ ಬಂತು, ಬೇರೆ ಉಪಾಯ ನನಗೆ ಕಾಣುತ್ತಿಲ್ಲ, ನಿನಗೇನಾದರೂ ಹೊಳೆದರೆ ಹೇಳು ಎಂಬ ಧಾಟಿಯಲ್ಲಿ ಮಗಳೊಡನೆ ಮಾತಾಡುತ್ತಾಳೆ. ಹಾಜರಿ ಪುಸ್ತಕದಲ್ಲಿ ಲೋರ್ ಎಂದಿದೆ. ಮಿಕಾಯೆಲ್‌ಗೆ ಅಲ್ಲಿ ಜಾಗವಿಲ್ಲ. ಲೋರ್ ಕಾಡಿಗೆ ಓಡಿ, ಒಳಗಿನ ಅಂಗಿ ಚಡ್ಡಿಯಲ್ಲೇ ಉಳಿದು, ಆ ಫ್ರಾಕನ್ನು ಮರದ ಕೊಂಬೆಗೆ ನೇತುಹಾಕಿ ಹೊರಟುಬಿಡುತ್ತಾಳೆ.

ಎರಡೂ ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಕಾಣುವ ಮುಖ್ಯ ಸಂಗತಿ ಇದು. ಲುಡೋನ ಕಥೆಯಲ್ಲಿ ಫ್ರಾಕು ಅಪರಾಧ, ಲೋರ್‌ಳ ಕಥೆಯಲ್ಲಿ ಅದೇ ಫ್ರಾಕು ಶಿಕ್ಷೆ. ಹುಡುಗಿ ಚಡ್ಡಿ ತೊಟ್ಟಿದ್ದಕ್ಕೆ ‘ಟಾಮ್‌ಬಾಯ್’ನಲ್ಲಿ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ, ತಕರಾರು ಶುರುವಾಗುವುದು ಅವಳು ಹೆಸರು ಬದಲಿಸಿದ್ದು ತಿಳಿದಾಗ. ಹುಡುಗ ಫ್ರಾಕು ತೊಟ್ಟರೆ ಮೊದಲ ದಿನವೇ ಬಡಾವಣೆ ಬೆಚ್ಚಿಬೀಳುತ್ತದೆ. ಗಂಡಿನ ಬಟ್ಟೆಯತ್ತ ಹೆಣ್ಣು ಹೋಗುವುದು ಏರಿಕೆ, ಹೆಣ್ಣಿನ ಬಟ್ಟೆಯತ್ತ ಗಂಡು ಬರುವುದು ಇಳಿಕೆ ಎಂಬ ಲೆಕ್ಕ ಎರಡರ ಅಡಿಯಲ್ಲೂ ಇದೆ. ಯಾವ ಪಾತ್ರವೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಏರಿಕೆಯಾದರೂ ಸುಲಭವಾಗಿ ಸಿಕ್ಕದ್ದಲ್ಲ. ಗಂಡಸರ ಉಡುಪು ತೊಡಬೇಕೆನ್ನುವ ಹೆಂಗಸು ಪೊಲೀಸ್ ಕಚೇರಿಗೆ ಬಂದು ಪರವಾನಗಿ ಪಡೆಯಬೇಕೆಂದು 1800ರ ನವೆಂಬರ್‌ನಲ್ಲಿ ಪ್ಯಾರಿಸ್ ಪೊಲೀಸರು ಆಜ್ಞೆ ಹೊರಡಿಸಿದ್ದರು. ದನದ ಸಂತೆಗಳಲ್ಲಿ ನಿಂತು ಚಿತ್ರ ಬರೆಯುತ್ತಿದ್ದ ಕಲಾವಿದೆ ರೋಸಾ ಬೊನರ್ ಪ್ಯಾಂಟು ತೊಡಲು ಅಂಥ ಪರವಾನಗಿ ಪಡೆದಿದ್ದರು. 1892 ಮತ್ತು 1909ರ ಸುತ್ತೋಲೆಗಳು ಸ್ವಲ್ಪ ಸಡಿಲ ಕೊಟ್ಟವು: ಹೆಂಗಸಿನ ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ಲೋ ಕುದುರೆಯ ಲಗಾಮೋ ಇದ್ದರೆ ಪ್ಯಾಂಟು ಮಾಫಿ! ಆ ಆಜ್ಞೆಗೆ ಇನ್ನು ಯಾವ ಕಾನೂನು ಬಲವೂ ಇಲ್ಲವೆಂದು ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರ ಜನವರಿಯಲ್ಲಿ, ಅಂದರೆ ‘ಟಾಮ್‌ಬಾಯ್’ ತೆರೆಕಂಡು ಸುಮಾರು ಎರಡು ವರ್ಷಗಳಾದ ಮೇಲೆ. ಗಂಡುಮಕ್ಕಳ ಫ್ರಾಕಿನದು ಇದಕ್ಕೆ ಉಲ್ಟಾ ಚರಿತ್ರೆ. ಯುರೋಪು, ಅಮೆರಿಕಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಚಿಕ್ಕ ಹುಡುಗರಿಗೆ ಫ್ರಾಕು ತೊಡಿಸುವುದು ಮಾಮೂಲಿಯಾಗಿತ್ತು. ಮುಂದೆ ಅಮೆರಿಕದ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪುಟ್ಟ ಹುಡುಗನಾಗಿದ್ದಾಗ ಬಿಳಿ ಫ್ರಾಕಿನಲ್ಲಿ ಕುಳಿತು ತೆಗೆಸಿಕೊಂಡ ಫೋಟೋ ಪ್ರಸಿದ್ಧವಾಗಿದೆ. ಲುಡೋನ ಬಡಾವಣೆ ಪ್ರಕೃತಿ ನಿಯಮವೆಂದು ನಂಬಿದ್ದಕ್ಕೆ ನೂರು ವರ್ಷದ ಆಯುಷ್ಯವೂ ಆಗಿರಲಿಲ್ಲ.

ಸಂಘಟಕರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ‘ಟಾಮ್‌ಬಾಯ್’ ಶಾಲೆಗೆ ಹೋದ ಕಥೆ. ಫ್ರಾನ್ಸಿನಲ್ಲಿ 1994ರಲ್ಲಿ ‘ಎಕೋಲ್ ಎ ಸಿನೆಮಾ’ ಎಂಬ ಯೋಜನೆ ಶುರುವಾಯಿತು. ಪ್ರಾಥಮಿಕ ಶಾಲೆಯ ಮಕ್ಕಳನ್ನು ಶಾಲಾ ವೇಳೆಯಲ್ಲೇ ಚಿತ್ರಮಂದಿರಕ್ಕೆ ಕರೆದೊಯ್ದು ಆಯ್ದ ಚಿತ್ರಗಳನ್ನು ತೋರಿಸುತ್ತಾರೆ. ಶಿಕ್ಷಕರಿಗೆ ಮೊದಲೇ ಟಿಪ್ಪಣಿ ಪುಸ್ತಿಕೆ ಸಿಗುತ್ತದೆ. 2012ರಲ್ಲಿ ‘ಟಾಮ್‌ಬಾಯ್’ ಆ ಪಟ್ಟಿಗೆ ಸೇರಿತು. ಒಂದು ವರ್ಷ ಯಾವ ಗದ್ದಲವೂ ಇರಲಿಲ್ಲ. 2013ರ ಮೇ ತಿಂಗಳಲ್ಲಿ ಸಲಿಂಗ ವಿವಾಹ ಕಾನೂನುಬದ್ಧವಾಗಿ ಬೀದಿಯಲ್ಲಿ ಪ್ರತಿಭಟನೆಗಳು ಕಾವೇರಿದ್ದವು. ಶರತ್ಕಾಲದಲ್ಲಿ ಸರ್ಕಾರ ಹುಡುಗ ಹುಡುಗಿಯರ ಸಮಾನತೆಯ ಪಾಠಗಳನ್ನು ಕೆಲವು ಶಾಲೆಗಳಲ್ಲಿ ಪ್ರಯೋಗಕ್ಕೆ ಇಳಿಸಿತು. ಅದೇ ಹೊತ್ತಿನಲ್ಲಿ ಚಿತ್ರವನ್ನು ಶಾಲೆಗಳಿಂದ ತೆಗೆಯಬೇಕೆಂದು ಸಹಿ ಸಂಗ್ರಹ ನಡೆಯಿತು. 2014ರ ಜನವರಿಯಲ್ಲಿ ಪೋಷಕರ ಮೊಬೈಲುಗಳಿಗೆ ಸಂದೇಶಗಳು ಬಂದವು: ಶಾಲೆಯಲ್ಲಿ ನಿಮ್ಮ ಗಂಡುಮಕ್ಕಳಿಗೆ ನೀವು ಗಂಡಲ್ಲ ಎಂದು ಕಲಿಸುತ್ತಾರೆ, ಒಂದು ದಿನ ಮಕ್ಕಳನ್ನು ಕಳಿಸಬೇಡಿ ಎಂದು. ಶಿಕ್ಷಣ ಸಚಿವರು ಅದು ಸುಳ್ಳೆಂದು ಎಷ್ಟು ಹೇಳಿದರೂ ಕೆಲವು ಕಡೆ ತರಗತಿಗಳು ಖಾಲಿ ಬಿದ್ದವು. ಫೆಬ್ರವರಿ 19ರಂದು ಆರ್ಟೆ ವಾಹಿನಿ ‘ಟಾಮ್‌ಬಾಯ್’ ಪ್ರಸಾರ ಮಾಡುವುದಿತ್ತು. ಸಿವಿಟಾಸ್ ಎಂಬ ಸಂಪ್ರದಾಯವಾದಿ ಕ್ಯಾಥೊಲಿಕ್ ಸಂಘಟನೆ ಅದನ್ನು ನಿಲ್ಲಿಸಲು ಒತ್ತಾಯಿಸಿತು. ವಾಹಿನಿ ಜಗ್ಗಲಿಲ್ಲ, ಪ್ರಸಾರ ಮಾಡಿತು. ಸರ್ಕಾರ ಜಗ್ಗಿತು, ಸಮಾನತೆಯ ಪಾಠಗಳ ಪ್ರಯೋಗವನ್ನು ಆ ವರ್ಷದ ಜೂನ್‌ನಲ್ಲೇ ಕೈಬಿಟ್ಟು ಬೇರೆ ಯೋಜನೆ ಘೋಷಿಸಿತು.

ಈ ಗದ್ದಲದಲ್ಲಿ ಗಮನಿಸಬೇಕಾದ್ದು ಒಂದಿದೆ. ವಿರೋಧಿಸಿದವರು ಚಿತ್ರದಲ್ಲಿ ಇಲ್ಲದ್ದನ್ನು ವಿರೋಧಿಸಿದರು. ಮಕ್ಕಳು ಹೀಗಿರಬೇಕು, ಹೀಗಾಗಬೇಕು ಎಂದು ‘ಟಾಮ್‌ಬಾಯ್’ ಎಲ್ಲೂ ಬೋಧಿಸುವುದಿಲ್ಲ. ಲೋರ್ ಮುಂದೆ ಏನಾಗುತ್ತಾಳೆಂದು ಸಿಯಾಮಾ ಹೇಳುವುದೇ ಇಲ್ಲ. ಅವಳಿಗೆ ಯಾವ ಹಣೆಪಟ್ಟಿಯನ್ನೂ ಅಂಟಿಸುವುದಿಲ್ಲ. ಕೊನೆಯಲ್ಲಿ ಲೀಸಾ ಮರದ ಕೆಳಗೆ ನಿಂತು ಮತ್ತೆ ಹೆಸರು ಕೇಳುತ್ತಾಳೆ, ಲೋರ್ ತನ್ನ ಹೆಸರು ಹೇಳುತ್ತಾಳೆ. ಅದು ಸೋಲೇ, ಒಪ್ಪಂದವೇ, ಗೆಳೆತನದ ಎರಡನೆಯ ಆರಂಭವೇ ಎಂಬುದು ನೋಡಿದವರ ತೀರ್ಮಾನ.

ಮೂರನೆಯ ಚಿತ್ರವೊಂದನ್ನು ಇಲ್ಲಿ ಹೆಸರಿಸದಿದ್ದರೆ ತಪ್ಪಾದೀತು. ಡೇವಿಡ್ ವಾಲಿಯಮ್ಸ್ ಅವರ 2008ರ ಮಕ್ಕಳ ಕಾದಂಬರಿ ಆಧರಿಸಿ ಬಿಬಿಸಿ 2014ರ ಕ್ರಿಸ್‌ಮಸ್ ಮರುದಿನ ಮನೆಮಂದಿಗೆಲ್ಲ ತೋರಿಸಿದ ‘ದಿ ಬಾಯ್ ಇನ್ ದಿ ಡ್ರೆಸ್’. ಡೆನಿಸ್ ಎಂಬ ಹನ್ನೆರಡರ ಹುಡುಗ ಶಾಲಾ ಫುಟ್‌ಬಾಲ್ ತಂಡದ ಆಧಾರ. ಅಮ್ಮ ಮನೆ ಬಿಟ್ಟು ಹೋಗಿದ್ದಾಳೆ. ಲೀಸಾ ಎಂಬ ಗೆಳತಿ ಅವನಿಗೆ ಫ್ರಾಕು ತೊಡಿಸಿ ಫ್ರಾನ್ಸಿನಿಂದ ಬಂದ ಡೆನೀಸ್ ಎಂದು ಶಾಲೆಗೆ ಕರೆತರುತ್ತಾಳೆ, ಸಿಕ್ಕಿಬಿದ್ದಾಗ ಮುಖ್ಯೋಪಾಧ್ಯಾಯ ಹೊರಹಾಕುತ್ತಾನೆ, ಕೊನೆಗೆ ಇಡೀ ತಂಡ ಫ್ರಾಕು ತೊಟ್ಟು ಫೈನಲ್ ಆಡುತ್ತದೆ. ನಗು ಧಾರಾಳವಾಗಿದೆ, ಮಕ್ಕಳಿಗೆ ಖುಷಿ ಕೊಡುತ್ತದೆ. ತಕರಾರು ಒಂದೇ: ಡೆನಿಸ್ ಗೋಲು ಹೊಡೆಯುವವನಾದ್ದರಿಂದ ಅವನ ಫ್ರಾಕು ಮಾಫಿಯಾಯಿತು. ಲುಡೋಗೆ ಫುಟ್‌ಬಾಲ್ ಬಾರದು. ಬಾರದವರ ಗತಿ ಏನೆಂದು ಈ ಚಿತ್ರ ಕೇಳುವುದಿಲ್ಲ.

ಕನ್ನಡದ ಮಕ್ಕಳಿಗೆ ಇವು ಪರಕೀಯವಾಗುತ್ತವೆಯೇ? ಆಗಲು ಕಾರಣ ಕಾಣುವುದಿಲ್ಲ. ಚೌಲಕ್ಕೆ ಮುಂಚೆ ಗಂಡುಮಗುವಿಗೆ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಸ್ಟುಡಿಯೋಗೆ ಕರೆದೊಯ್ದು ತೆಗೆಸಿದ ಫೋಟೋ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿದೆ. ಅಜ್ಜಿಯೇ ಅದನ್ನು ಬಂದವರಿಗೆಲ್ಲ ತೋರಿಸಿ ಹಿಗ್ಗುತ್ತಾಳೆ. ಯಕ್ಷಗಾನದ ಸ್ತ್ರೀವೇಷಧಾರಿಗೆ ಕರಾವಳಿ, ಮಲೆನಾಡುಗಳಲ್ಲಿ ಇರುವ ಮರ್ಯಾದೆ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಫೋಟೋ ಒಂದು ದಿನದ್ದು, ವೇಷ ಒಂದು ರಾತ್ರಿಯದು. ಬೆಳಗಾದ ಮೇಲೂ ಲಂಗ ಕಳಚಲೊಪ್ಪದ ಹುಡುಗನಿಗೆ ಅದೇ ಅಜ್ಜಿ, ಅದೇ ಊರು ಏನು ಹೇಳುತ್ತದೆ ಎಂಬುದನ್ನು ಬಿ. ಎಸ್. ಲಿಂಗದೇವರು ಅವರ ‘ನಾನು ಅವನಲ್ಲ, ಅವಳು’ ತೋರಿಸಿದೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ ಆ ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದು ದೊಡ್ಡವರ ಚಿತ್ರ. ಬಾಲ್ಯದ ಭಾಗ ಬಿಟ್ಟರೆ ಉಳಿದದ್ದು ಹತ್ತು ವರ್ಷದವರಿಗೆ ಹೊರಲಾರದ ಭಾರ. ಮಕ್ಕಳಿಗೆಂದೇ ಮಾಡಿದ ಕನ್ನಡ ಚಿತ್ರಗಳಲ್ಲಿ ಈ ಜಾಗ ಬಹುಮಟ್ಟಿಗೆ ಖಾಲಿ.

ವಿರೋಧ ಬರಬಹುದೆಂಬ ಅಳುಕೂ ಸುಳ್ಳಲ್ಲ. 2021ರಲ್ಲಿ ಎನ್‌ಸಿಇಆರ್‌ಟಿ ಶಾಲೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಒಳಗೊಳ್ಳುವ ಬಗ್ಗೆ ಶಿಕ್ಷಕರಿಗಾಗಿ ಒಂದು ಕೈಪಿಡಿ ಪ್ರಕಟಿಸಿತು; ಆಕ್ಷೇಪ ಬರುತ್ತಲೇ ಕೆಲವೇ ದಿನಗಳಲ್ಲಿ ಅದು ಜಾಲತಾಣದಿಂದ ಕಾಣೆಯಾಯಿತು. ಇನ್ನೊಂದು ಕಡೆ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯಿದೆ ಶಿಕ್ಷಣ ಸಂಸ್ಥೆಗಳು ಅವರ ವಿರುದ್ಧ ತಾರತಮ್ಯ ಮಾಡುವಂತಿಲ್ಲವೆಂದು ಹೇಳುತ್ತದೆ. ಕಾಯಿದೆ ಉಳಿಯಿತು, ಆ ಕೈಪಿಡಿ ಮರೆಯಾಯಿತು. ಹೀಗಿರುವಾಗ 82 ನಿಮಿಷದ ಒಂದು ಚಿತ್ರ ಶಿಕ್ಷಕರಿಗೂ ಆಸರೆಯಾದೀತು.

ತೋರಿಸುವ ವಿಧಾನದ ಬಗ್ಗೆ ನಾಲ್ಕು ಮಾತು. ಒಂದನ್ನೇ ಆರಿಸುವುದಾದರೆ ‘ಟಾಮ್‌ಬಾಯ್’ ಆರಿಸುವುದು ಮೇಲು, ಒಂಬತ್ತು ಹತ್ತು ವರ್ಷ ಮೇಲ್ಪಟ್ಟವರಿಗೆ. ಅದರಲ್ಲಿ ಸ್ನಾನದ ಒಂದು ದೃಶ್ಯದಲ್ಲಿ ಮಗು ಬಚ್ಚಲ ತೊಟ್ಟಿಯಿಂದ ಬೆತ್ತಲೆಯಾಗಿ ಏಳುವುದು ಕ್ಷಣಕಾಲ ಕಾಣುತ್ತದೆ. ಲೋರ್ ಹುಡುಗಿಯೆಂದು ಪ್ರೇಕ್ಷಕರಿಗೆ ತಿಳಿಯುವುದೇ ಅಲ್ಲಿ. ಪೋಷಕರಿಗೆ ಮೊದಲೇ ಹೇಳಿಬಿಟ್ಟರೆ ಆಮೇಲೆ ರಂಪವಾಗದು. ಕೊನೆಯ ಭಾಗದಲ್ಲಿ ಹುಡುಗರ ಗುಂಪು ಲೋರ್‌ಳನ್ನು ಸುತ್ತುಗಟ್ಟಿ, ಲೀಸಾಳಿಂದ ಪರೀಕ್ಷೆ ಮಾಡಿಸುವ ದೃಶ್ಯ ಮಕ್ಕಳನ್ನು ಕಲಕುತ್ತದೆ. ಅದನ್ನು ಕತ್ತರಿಸಬಾರದು, ಮಕ್ಕಳ ನಡುವಿನ ಹಿಂಸೆಯನ್ನು ಇಷ್ಟು ನೇರವಾಗಿ ತೋರಿಸಿದ್ದರಿಂದಲೇ ಚಿತ್ರ ಬರೀ ಮುದ್ದಿನ ಕಥೆಯಾಗದೆ ಉಳಿದಿದೆ. ‘ಮಾ ವೀ ಆನ್ ರೋಜ್’ ಹನ್ನೆರಡು ಮೇಲ್ಪಟ್ಟವರಿಗೆ, ಸಾಧ್ಯವಾದರೆ ಅಪ್ಪ ಅಮ್ಮಂದಿರ ಜೊತೆ. ಅದರಲ್ಲಿ ಲುಡೋ ಶೀತಪೆಟ್ಟಿಗೆಯೊಳಗೆ ಅಡಗಿ ಕೂರುವ ದೃಶ್ಯವಿದೆ; ಚಿಕ್ಕವರಿದ್ದರೆ ಅದರ ಅಪಾಯವನ್ನು ಬಿಡಿಸಿ ಹೇಳಬೇಕು.

ಭಾಷೆ ದೊಡ್ಡ ತೊಡಕಲ್ಲ. ಹೆಗ್ಗೋಡಿನ ನೀನಾಸಮ್ ಚಿತ್ರಸಮಾಜ 1970ರ ದಶಕದಲ್ಲೇ ಜಗತ್ತಿನ ಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರಿಗೆ ತೋರಿಸಿ ಅದನ್ನು ಸಾಬೀತು ಮಾಡಿದೆ. ‘ಟಾಮ್‌ಬಾಯ್’ನಲ್ಲಿ ಮಾತೇ ಕಡಿಮೆ, ಇಂಗ್ಲಿಷ್ ಅಡಿಬರಹ ಓದಲಾರದ ಮಕ್ಕಳಿಗೆ ಒಬ್ಬರು ಮೈಕಿನಲ್ಲಿ ಮುಖ್ಯ ಮಾತುಗಳನ್ನಷ್ಟೇ ಕನ್ನಡದಲ್ಲಿ ಹೇಳಿದರೆ ಸಾಕು. ಕಾಗದಪತ್ರದ ಕೆಲಸ ಮಾತ್ರ ಬಿಡುವಂತಿಲ್ಲ. ವಿದೇಶಿ ಚಿತ್ರವನ್ನು ಸಾರ್ವಜನಿಕವಾಗಿ ತೋರಿಸಲು ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಉತ್ಸವವಾದರೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ. ಪ್ರದರ್ಶನದ ಹಕ್ಕನ್ನು ಬೇರೆಯಾಗಿಯೇ ಪಡೆಯಬೇಕು. ಫ್ರೆಂಚ್ ಚಿತ್ರಗಳ ವಿಷಯದಲ್ಲಿ ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್ ಕಡೆ ಮೊದಲು ವಿಚಾರಿಸಬಹುದು.

ಚಿತ್ರ ಮುಗಿದ ಮೇಲೆ ಭಾಷಣ ಬೇಡ. ಲೋರ್ ಹುಡುಗನೋ ಹುಡುಗಿಯೋ ಎಂದು ಮಕ್ಕಳನ್ನು ಕೇಳುವುದೂ ಬೇಡ. ಆ ಪ್ರಶ್ನೆ ಕೇಳಿ ಏನಾಯಿತೆಂದು ಅವರು ಆಗಷ್ಟೇ ತೆರೆಯ ಮೇಲೆ ನೋಡಿರುತ್ತಾರೆ. ಲೀಸಾ ಕೊನೆಗೆ ಏಕೆ ಮರಳಿ ಬಂದಳು, ಅಮ್ಮನಿಗೆ ಬೇರೆ ಯಾವ ದಾರಿ ಇತ್ತು, ಝಾನ್ ಗುಟ್ಟನ್ನು ಏಕೆ ಬಿಟ್ಟುಕೊಡಲಿಲ್ಲ ಎಂದು ಕೇಳಿ ಸುಮ್ಮನೆ ಕುಳಿತರೆ ಮಾತು ತಾನಾಗಿ ಹೊರಡುತ್ತದೆ. ಮುಂದಿನ ಬೇಸಿಗೆ ಶಿಬಿರದ ಚಿತ್ರಪಟ್ಟಿ ಸಿದ್ಧಪಡಿಸುವಾಗ ‘ಟಾಮ್‌ಬಾಯ್’ಗೆ ಒಂದು ಮಧ್ಯಾಹ್ನ ಮೀಸಲಿಡಬೇಕೆಂದು ಸಂಘಟಕರಲ್ಲಿ ಕೋರಿಕೆ.